ಮೂಳೆ ಮಾಮನ ಬ್ಯಾಟರಿ: ಮಗಳ ಹ್ಯಾಲೋವೀನ್ ಭಯ ಬಿಡಿಸಿದ ನನ್ನ ಅನುಭವ

ಈ ಸಲ ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ನನ್ನ ಎರಡೂವರೆ ವರ್ಷದ ಮಗಳು ಪಕ್ಕದ ಬೀದಿಯ 12 ಅಡಿ ಅಸ್ಥಿಪಂಜರದ ಪಾದದ ಮೇಲೆ ಚಾಕೊಲೇಟ್ ಬುಟ್ಟಿ ಇಟ್ಟು, ಅದರ ಕಾಲ್ಬೆರಳು ಎಣಿಸುತ್ತಾ ಕುಳಿತಳು. ಸೆಪ್ಟೆಂಬರಿನಲ್ಲಿ ಆ ಬೀದಿಯ ತಿರುವು ಬಂದರೆ ಸಾಕು, ಸ್ಟ್ರಾಲರಿನ ಪಟ್ಟಿ ಕಚ್ಚಿ ಹಿಡಿಯುತ್ತಿದ್ದ ಮಗು ಇದು. ‘ಈ ವರ್ಷ ಬಿಟ್ಟುಬಿಡು, ಮುಂದಿನ ವರ್ಷ ತಾನೇ ಸರಿಹೋಗುತ್ತದೆ’ ಎಂದವರೇ ಹೆಚ್ಚು. ಬಿಡದೆ ಮಾಡಿದೆ, ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಈ ಹಬ್ಬದ ಪರಿಚಯ ಮಾಡಿಕೊಡಬೇಕಾಗಿಲ್ಲ: ಅಂಗಳದಲ್ಲಿ ಅಸ್ಥಿಪಂಜರ, ಭೂತದ ಬೊಂಬೆಗಳು, ವೇಷ ಹಾಕಿ ಮನೆಮನೆಗೆ ಚಾಕೊಲೇಟಿಗೆ ಹೋಗುವ ಮಕ್ಕಳು. 2020ರಲ್ಲಿ ಹೋಮ್ ಡಿಪೋ ಎಂಬ ಮನೆಸಾಮಾನಿನ ಅಂಗಡಿ 299 ಡಾಲರಿಗೆ 12 ಅಡಿಯ ಅಸ್ಥಿಪಂಜರ ಮಾರಲು ಶುರು ಮಾಡಿದ ಮೇಲೆ ಅಂಗಳಗಳ ಅಳತೆಯೇ ಬದಲಾಗಿದೆ. ಮಗಳಿಗೆ ಅದು ಕಂಡದ್ದು ಒಂದು ಮುಸ್ಸಂಜೆ. ಅಳಲಿಲ್ಲ. ಬಾಯಲ್ಲಿದ್ದ ಬಾಳೆಹಣ್ಣು ನುಂಗುವುದನ್ನು ಮರೆತು, ಉಸಿರು ಬಿಗಿಹಿಡಿದು, ಅದರ ಕಣ್ಣನ್ನೇ ನೋಡುತ್ತಿದ್ದಳು. ಆ ಬೊಂಬೆಯ ಕಣ್ಣಿನ ಗುಳಿಯಲ್ಲಿ ಸಣ್ಣ ಪರದೆಗಳಿರುತ್ತವೆ, ಕಣ್ಣಾಲಿ ಅತ್ತಿತ್ತ ಓಡುತ್ತದೆ. ‘ಅಮ್ಮ, ಕಣ್ಣು ಬಂತು’ ಎಂದಳು. ಅಷ್ಟೇ. ಆ ರಾತ್ರಿಯಿಂದ ನಿದ್ದೆ ಹೋಯಿತು. ಆಮೇಲೆ ಅಪ್ಪ ಜಾಕೆಟಿನ ಟೋಪಿ ಏರಿಸಿದರೂ ಭಯ, ಬಚ್ಚಲಿನ ಫ್ಯಾನ್ ತಿರುಗಿದರೂ ಭಯ.

ಮೊದಲು ಮಾಡಿದ್ದೆಲ್ಲ ದಂಡ. ಅತ್ತೆ ವಿಡಿಯೊ ಕರೆಯಲ್ಲಿ ಹೇಳಿದಂತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದೆ. ಮಗುವಿಗೆ ಅದು ಇಷ್ಟವಾಯಿತು, ನನಗೂ ಮನಸ್ಸಿಗೆ ಸಮಾಧಾನವಾಯಿತು, ಭಯ ಮಾತ್ರ ಇದ್ದಲ್ಲೇ ಇತ್ತು. ಬೀದಿ ಬದಲಿಸಿ ಸುತ್ತು ಬಳಸಿ ಹೋದೆವು. ಅಕ್ಟೋಬರ್ ಬರುವಷ್ಟರಲ್ಲಿ ಬಳಸಲು ಬೀದಿಯೇ ಉಳಿಯಲಿಲ್ಲ. ಮಕ್ಕಳ ಮನೋವೈದ್ಯರೊಬ್ಬರನ್ನು ಕಂಡೆವು. ಸುಮಾರು 180 ಡಾಲರ್ ಆಯಿತು, ಈ ವಯಸ್ಸಿಗೆ ಇದು ಸಹಜ, ಕಾಯಿರಿ ಎಂದರು. ಸಹಜವೆಂಬುದು ನನಗೂ ಗೊತ್ತಿತ್ತು; ಕಾಯಲು ನಿದ್ದೆ ಬೇಕಲ್ಲ. ಇನ್ನೊಬ್ಬ ಗೆಳತಿ, ‘ಬಿಗಿಯಾಗಿ ಹಿಡಿದುಕೊಂಡು ಅಲಂಕಾರದ ಅಂಗಡಿಯೊಳಗೆ ಒಂದು ಸುತ್ತು ಹೊಡೆಸಿ, ಒಂದೇ ದಿನಕ್ಕೆ ಭಯ ಓಡುತ್ತದೆ’ ಎಂದು ನನ್ನವರ ತಲೆಗೆ ತುಂಬಿದ್ದಳು. ಅವರು ಮಗುವನ್ನು ಒಯ್ದ ಅಂಗಡಿಯಲ್ಲಿ ಎದುರಿಗೆ ಯಾರಾದರೂ ಹಾದರೆ ಕಿರುಚಿಕೊಳ್ಳುವ ಬೊಂಬೆಗಳು. ಹಿಂದಿರುಗಿದ ಮೇಲೆ ಒಂದು ವಾರ ಮಗು ನನ್ನ ಎದೆಯಿಂದ ಇಳಿಯಲಿಲ್ಲ. ಈ ಬಲವಂತದ ಉಪಾಯವನ್ನು ಯಾರೂ ಮಾಡಬೇಡಿ. ನನಗೆ ಇದರಲ್ಲಿ ಎರಡು ಮಾತಿಲ್ಲ.

ಕೆಲಸ ಮಾಡಿದ್ದು ಬೇರೆ ದಾರಿ. ಅದರ ಬೀಜ ನನ್ನ ಕುಂದಾಪುರದ ಬಾಲ್ಯದಲ್ಲಿತ್ತು. ಯಕ್ಷಗಾನದ ಬಣ್ಣದ ವೇಷಕ್ಕೆ ನಾನು ಅಳುತ್ತಿದ್ದಾಗ ಅಪ್ಪಯ್ಯ ನನ್ನನ್ನು ರಂಗಸ್ಥಳದಿಂದ ದೂರ ಒಯ್ಯಲಿಲ್ಲ, ವೇಷ ಕಟ್ಟುವ ಕೋಣೆಗೆ, ಚೌಕಿಗೆ ಒಯ್ದರು. ಅಲ್ಲಿ ರಕ್ಕಸನಾಗಲಿರುವ ಮನುಷ್ಯ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು, ಎಂದರೆ ಉಬ್ಬು ಬಿಳಿ ಚುಕ್ಕೆಗಳನ್ನು, ಒಂದೊಂದಾಗಿ ಮುಖಕ್ಕೆ ಇಡುತ್ತಿದ್ದ, ನಡುವೆ ಚಹಾ ಕುಡಿಯುತ್ತಿದ್ದ. ವೇಷ ಕಟ್ಟುವುದನ್ನು ನೋಡಿದ ಮಗು ವೇಷಕ್ಕೆ ಹೆದರುವುದು ಕಡಿಮೆ. ಇಷ್ಟೇ ನನ್ನ ಬಂಡವಾಳ.

ಮೊದಲು ಹೆದರಿಕೆ ಯಾವುದಕ್ಕೆ ಎಂದು ಹಿಡಿಯಬೇಕು. ನಾವು ಆಕಾರಕ್ಕೆ ಎಂದುಕೊಳ್ಳುತ್ತೇವೆ. ಸುಮಾರು 20 ಡಾಲರಿಗೆ ಒಂದು ಮೊಳದ ಅಸ್ಥಿಪಂಜರ ತಂದೆ, ಕೈ ಬೀಸಿದರೆ ಕಣ್ಣು ಹೊತ್ತಿ ಕೂಗುವಂಥದ್ದು. ಬ್ಯಾಟರಿ ಇಲ್ಲದೆ ಅಡುಗೆಮನೆಯ ಮೂಲೆಯಲ್ಲಿ ಹಗಲು ಹೊತ್ತಿನಲ್ಲಿ ಕೂರಿಸಿದೆ. ಮಗಳು ದೂರದಿಂದ ನೋಡಿದಳು, ಆಮೇಲೆ ಮರೆತಳು. ಎಂದರೆ ಮೂಳೆಗೆ ಭಯವಿಲ್ಲ. ಹೇಳದೆ ಕೇಳದೆ ಹೊತ್ತುವ ಕಣ್ಣಿಗೆ ಮತ್ತು ಕೂಗಿಗೆ. ಇದು ತಿಳಿದ ದಿನವೇ ಅರ್ಧ ಗೆದ್ದೆ.

ಮುಂದೆ ತಿರುಪುಳಿ ತಂದು ಅವಳ ಎದುರೇ ಬೆನ್ನು ಬಿಚ್ಚಿದೆ. ಬ್ಯಾಟರಿ ಹಾಕುವುದು ನಾನು, ತೆಗೆಯುವುದು ಅವಳು. ಕೂಗುತ್ತಿರುವಾಗಲೇ ಬ್ಯಾಟರಿ ಕಿತ್ತರೆ ಕೂಗು ಅರ್ಧಕ್ಕೆ ನಿಲ್ಲುತ್ತದೆ. ಆಗ ಅವಳ ಮುಖ ನೋಡಬೇಕಿತ್ತು. ಇಲ್ಲಿ ಒಂದು ಎಚ್ಚರಿಕೆ: ಪೆನ್ಸಿಲ್ ಬ್ಯಾಟರಿಯ ಬೊಂಬೆಯನ್ನೇ ಕೊಳ್ಳಿ. ಗುಂಡಿಯಂಥ ಚಪ್ಪಟೆ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅಂಥದ್ದು ಮನೆಗೇ ಬರಬಾರದು.

ಈ ಆಟ ನಡೆಯುವಾಗ ಬಾಯಿಗೆ ತಿಂಡಿ ಇರಬೇಕು. ನಮ್ಮಲ್ಲಿ ತುಪ್ಪದ ದೋಸೆ, ಜೋನಿಬೆಲ್ಲ. 1924ರಲ್ಲೇ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟನಿಗೆ ಇಷ್ಟದ ತಿಂಡಿ ತಿನ್ನಿಸುತ್ತಾ ಮೊಲವನ್ನು ಸ್ವಲ್ಪ ಸ್ವಲ್ಪ ಹತ್ತಿರ ತಂದಿದ್ದರು. ಅತ್ತೆಗೆ ಇದನ್ನು ಹೇಳಿದೆ. ‘ಹೆದರಿದ ಮಗುವಿನ ಕೈಗೆ ಹೆದರಿಸುವ ವಸ್ತುವನ್ನೇ ಕೊಡುತ್ತೀಯಲ್ಲಮ್ಮ’ ಎಂದು ನಿಟ್ಟುಸಿರು ಬಿಟ್ಟರು. ‘ಒಂದು ವಾರ ನೋಡಿ ಅತ್ತೆ’ ಎಂದೆ. ವಾರ ಕಳೆಯುವ ಮೊದಲೇ ಮಗಳು ಅವರಿಗೆ ಬೊಂಬೆ ತೋರಿಸಿದಳು. ‘ಮೂಳೆ ಮಾಮ’ ಎಂದು ಅತ್ತೆಯೇ ಹೆಸರಿಟ್ಟರು.

ಮುಖವಾಡದ ಕೆಲಸ ಇದಕ್ಕಿಂತ ನಿಧಾನ. ‘ಅದು ನಿಜವಲ್ಲ ಪುಟ್ಟಿ’ ಎಂಬ ಮಾತಿಗೆ ಈ ವಯಸ್ಸಿನಲ್ಲಿ ಬೆಲೆಯಿಲ್ಲ. 1969ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞೆ ರೀಟಾ ಡೆವ್ರೀಸ್ ಅವರ ಪ್ರಯೋಗದಲ್ಲಿ ಬೆಕ್ಕಿನ ಮುಖಕ್ಕೆ ನಾಯಿಯ ಮುಖವಾಡ ಹಾಕಿದರೆ, ಮೂರು ವರ್ಷದ ಮಕ್ಕಳಲ್ಲಿ ಅನೇಕರಿಗೆ ಅದು ನಾಯಿಯೇ ಆಗಿಬಿಟ್ಟಿತ್ತು. ಹಾಗಾಗಿ ನಾನು ಮುಖವಾಡವನ್ನು ಮೊದಲು ಮೊಣಕಾಲಿಗೆ ಹಾಕಿಕೊಂಡೆ. ಆಮೇಲೆ ಕೈಗೆ, ತಲೆಯ ಹಿಂಬದಿಗೆ. ಮುಖಕ್ಕೆ ಬಂದಾಗಲೂ ಗಲ್ಲ ಕಾಣುವಂತೆ ಎತ್ತಿ ಹಿಡಿದು, ಹಾಕುವ ಮುನ್ನ ಶುರು ಮಾಡಿದ ಮಾತನ್ನು ನಿಲ್ಲಿಸಲಿಲ್ಲ. ದನಿ ಕಡಿಯಬಾರದು, ಇದು ಮುಖ್ಯ. ಹಾಕಿಕೊಂಡು ಬೇರೆ ಕೋಣೆಯಿಂದ ಬರುವುದಂತೂ ಕೂಡದು. ಹಾಕುವ ಮುನ್ನ ನಾವಿಬ್ಬರೂ ಒಟ್ಟಿಗೆ ಹೇಳುವ ಸಾಲೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ಬೀದಿಯ ಪಾಠಕ್ಕೆ ಆ 12 ಅಡಿ ಅಸ್ಥಿಪಂಜರದ ಮನೆಯ ಅಜ್ಜ ಒಪ್ಪಿದ್ದು ನನ್ನ ಪುಣ್ಯ. ಅವರ ಅಂಗಳದಲ್ಲಿ ಗಾಳಿ ತುಂಬುವ ಬಿಳಿ ಭೂತವೂ ಇತ್ತು. ಬೆಳಿಗ್ಗೆ ಅದು ಹುಲ್ಲಿನ ಮೇಲೆ ಒದ್ದೆ ಬಟ್ಟೆ. ಮಗಳು ಅದರ ಮೇಲೆ ನಡೆದಳು, ಕಣ್ಣಿನ ಬಟ್ಟೆ ಎಳೆದು ನೋಡಿದಳು. ನಾನು 15 ಡಾಲರಿನ ಒಂದು ರಿಮೋಟ್ ಪ್ಲಗ್ ಕೊಂಡು ಭೂತಕ್ಕೆ ಗಾಳಿ ತುಂಬುವ ಅಜ್ಜನ ಬ್ಲೋವರಿಗೆ ಹಾಕಿಸಿದೆ, ರಿಮೋಟಿನ ಬ್ಯಾಟರಿ ಮುಚ್ಚಳಕ್ಕೆ ಟೇಪ್ ಸುತ್ತಿ ಮಗಳ ಕೈಗೆ ಕೊಟ್ಟೆ. ಭೂತ ಎದ್ದಿತು, ಬಿತ್ತು, ಎದ್ದಿತು. ಅಜ್ಜ ಮೆಟ್ಟಿಲ ಮೇಲೆ ಕುಳಿತು ಚಪ್ಪಾಳೆ ತಟ್ಟಿದರು. ಈ ಹಬ್ಬಕ್ಕೆ ನಾನು ಹಾಕಿದ ದುಡ್ಡಿನಲ್ಲಿ ಆ 15 ಡಾಲರಿನಷ್ಟು ಬೇರಾವುದೂ ದುಡಿದಿಲ್ಲ. ಹಗಲು ಗಟ್ಟಿಯಾದ ಮೇಲೆ ಸಂಜೆಗೆ ಸರಿದೆವು, ದಿನಕ್ಕೆ ಕಾಲು ಗಂಟೆಯಂತೆ ತಡವಾಗಿ.

ನಡುವೆ ದಸರಾ. ಮೂಳೆ ಮಾಮನನ್ನು ಬೊಂಬೆ ಮೆಟ್ಟಿಲಿನ ಕೆಳಸಾಲಿನಲ್ಲಿ ಚೆಟ್ಟಿ ದಂಪತಿಯ ಪಕ್ಕ ಕೂರಿಸಿದೆ. ಅರಿಶಿನ ಕುಂಕುಮಕ್ಕೆ ಬಂದ ಕೆಲವರಿಗೆ ಹಿಡಿಸಲಿಲ್ಲ. ಮಗಳು ದಿನವೂ ಅವನಿಗೆ ಒಂದು ಹೂವಿಟ್ಟಳು, ಹೆದರಿಕೆ ಇಳಿಯುವುದರಲ್ಲಿ ಆ ಹೂವಿನ ಪಾಲೂ ಇದೆಯೆಂದು ನಂಬಿದ್ದೇನೆ. ಕುಂಬಳಕಾಯಿ ಕೊರೆಯುವುದನ್ನೂ ನೋಡಿದೆವು. ತಿರುಳಿನ ಲೋಳೆಗೆ ಕೈ ತಾಗಿದ್ದೇ ಹಿಂದೆ ಸರಿದಳು, ಅಲ್ಲಿಗೆ ಬಿಟ್ಟೆ. ಬೀಜಕ್ಕೆ ಉಪ್ಪು, ಖಾರದ ಪುಡಿ ಹಚ್ಚಿ ಹುರಿದದ್ದು ಚೆನ್ನಾಗಿತ್ತು. ಕೊರೆಯುವ ಜಾತಿಯ ತಿರುಳು ಬರೀ ನಾರು ನೀರು, ಹುಳಿಗೂ ಆಗದು.

ಅಂಗಡಿಯಿಂದ ತಂದ 30 ಡಾಲರಿನ ವೇಷ ಕಿವಿ ಮುಚ್ಚುತ್ತದೆಂದು ಮೂಲೆ ಸೇರಿತು. ಹಳೆಯ ಹಳದಿ ಪೈಜಾಮಕ್ಕೆ ಬಟ್ಟೆಯ ಬಣ್ಣದಲ್ಲಿ ಕಪ್ಪು ಪಟ್ಟೆ ಬಳಿದು, ಕೆನ್ನೆಗೆ ಕಾಡಿಗೆಯಲ್ಲಿ ಮೀಸೆ ಎಳೆದು ಹುಲಿವೇಷ ಮಾಡಿದೆ. ಪಟ್ಟೆ ಎಳೆಯುವಾಗ ಅವಳೇ ಕನ್ನಡಿ ಹಿಡಿದಿದ್ದಳು. ನಮ್ಮಲ್ಲಿ ಅಂದು ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ನಾಲ್ಕೂವರೆಗೇ ಹೊರಟು, ಗೊತ್ತಿರುವ ನಾಲ್ಕೈದು ಮನೆ ಮುಗಿಸಿ, ಕತ್ತಲಾಗುವಾಗ ನಮ್ಮ ಬಾಗಿಲಲ್ಲಿ ಕುಳಿತು ಬಂದ ಮಕ್ಕಳಿಗೆ ಚಾಕೊಲೇಟ್ ಹಂಚಿದೆವು. ದೊಡ್ಡ ಹುಡುಗನೊಬ್ಬ ರಕ್ತ ಸುರಿಯುವ ಮುಖವಾಡದಲ್ಲಿ ಬಂದಾಗ ನನ್ನ ಕಾಲು ಅಪ್ಪಿಕೊಂಡಳು. ‘ತೆಗಿ’ ಎಂದಳು. ಅವನು ತೆಗೆದ. ಎರಡು ಚಾಕೊಲೇಟ್ ಕೊಟ್ಟಳು.

ಒಟ್ಟು ಖರ್ಚು ವೈದ್ಯರದ್ದು ಬಿಟ್ಟು ನೂರು ಡಾಲರಿನ ಒಳಗೆ. ನೀವು ಶುರು ಮಾಡುವುದಾದರೆ ಬೊಂಬೆಯನ್ನು ಸೆಪ್ಟೆಂಬರಿನಲ್ಲಿ ಕೊಳ್ಳಬೇಡಿ, ಹಿಂದಿನ ಹಬ್ಬ ಮುಗಿದ ನವೆಂಬರ್ 1ರ ಬೆಳಿಗ್ಗೆ ಸಾಮಾನ್ಯವಾಗಿ ಅರ್ಧ ಬೆಲೆಗೆ ಸಿಗುತ್ತದೆ. ಕೂಗಿನ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಸ್ಪೀಕರಿನ ರಂಧ್ರಕ್ಕೆ ಹತ್ತಿ ತುಂಬಿ, ದಿನಕ್ಕಿಷ್ಟು ತೆಗೆಯುತ್ತಾ ಬನ್ನಿ.