ಕೊಡಕ್ಕೆ 10 ಎಂ.ಎಲ್.: ಶೆಡ್ಡುಗಳಿಗೆ ಕುಡಿಯುವ ನೀರು ಕೊಟ್ಟ ಅನುಭವ

ಕ್ಲೋರಿನ್ನನ್ನು ಟ್ಯಾಂಕಿಗೆ ಹಾಕುವುದು ಬಿಟ್ಟು ನೀರು ಹಿಡಿಯುವಾಗ ಒಂದೊಂದು ಕೊಡಕ್ಕೇ ಹಾಕೋಣ ಅಂದಾಗ ಈ ಕೆಲಸದಲ್ಲಿ ಪಳಗಿದವರೇ ಒಪ್ಪಲಿಲ್ಲ. ಜನ ಹಾಕಿಕೊಳ್ಳಲ್ಲ, ಹಾಕಿಕೊಂಡರೂ ಅಳತೆ ತಪ್ಪುತ್ತೆ, ವಾಸನೆ ಅಂತ ಚೆಲ್ಲಿಬಿಡುತ್ತಾರೆ ಅನ್ನುವುದು ಅವರ ವಾದ. ಬೇಸಿಗೆ, ಮಳೆಗಾಲ ಎರಡೂ ದಾಟಿದರೂ ವ್ಯವಸ್ಥೆ ನಿಂತಿಲ್ಲ. ಹೊರಗಿನ ಹಣ ಬಂದದ್ದು ಮೊದಲ ಖರ್ಚಿಗೆ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ. ಟ್ಯಾಂಕ್ ಕೂರಿಸಿ, ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ಅಭ್ಯಾಸ ಇರುವವರಿಗಾಗಿ ಬರೆದದ್ದು ಇದು. ರೋಗಾಣುಗಳ ಪಾಠ ಇಲ್ಲಿಲ್ಲ.

ಜಾಗ ಬೆಂಗಳೂರಿನ ಪೂರ್ವದ ಅಂಚು, ವರ್ತೂರು–ವೈಟ್‌ಫೀಲ್ಡ್ ಕಡೆ. ಕಟ್ಟಡದ ಅವಶೇಷ ಸುರಿದು ಮಟ್ಟ ಮಾಡಿದ ಖಾಲಿ ನಿವೇಶನದ ಮೇಲೆ ನೀಲಿ ತಾಡಪಾಲು, ತಗಡಿನ ಶೆಡ್ಡುಗಳು ಸುಮಾರು 60, ಜನ 250ರ ಆಸುಪಾಸು. ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರು. ಜಾಗದ ಮಾಲೀಕರಿಗೆ ನೆಲಬಾಡಿಗೆ ಕೊಡುತ್ತಾರೆ. ಜಾಗದ ಕಾಗದ ಅವರ ಹೆಸರಲ್ಲಿ ಇಲ್ಲದ್ದರಿಂದ ಕೊಳಾಯಿ ಸಂಪರ್ಕದ ಮಾತೇ ಇಲ್ಲ. ಸ್ನಾನಕ್ಕೆ, ಬಟ್ಟೆಗೆ ಮಾಲೀಕರ ಬೋರ್‌ವೆಲ್ ನೀರಿದೆ. ನಾವು ಕೈಹಾಕಿದ್ದು ಕುಡಿಯುವ ಮತ್ತು ಅಡುಗೆಯ ನೀರಿಗೆ ಮಾತ್ರ. ತುರ್ತು ನೆರವಿನ ಸ್ಫಿಯರ್ ಮಾನದಂಡ ತಲೆಗೆ ದಿನಕ್ಕೆ 15 ಲೀಟರ್ ಅನ್ನುತ್ತದೆ. ಅದು ಎಲ್ಲ ಬಳಕೆಗೂ ಸೇರಿ. ಬಾಯಿಗೆ ಹೋಗುವ ನೀರು 7–8 ಲೀಟರ್ ಹಿಡಿದರೆ ದಿನಕ್ಕೆ 2000 ಲೀಟರ್, ಅಂದರೆ 15 ಲೀಟರಿನ ಪ್ಲಾಸ್ಟಿಕ್ ಕೊಡ ಸುಮಾರು 130.

ಮೊದಲು ಸೋತ ದಾರಿಗಳ ಲೆಕ್ಕ. 20 ಲೀಟರ್ ಕ್ಯಾನ್ ಮನೆಬಾಗಿಲಿಗೆ 30–40 ರೂಪಾಯಿ. ಐದು ಜನರ ಮನೆಗೆ ದಿನಕ್ಕೊಂದು ಅಂದರೂ ತಿಂಗಳಿಗೆ ಸಾವಿರದ ಹತ್ತಿರ. ಕೆಲಸ ತಪ್ಪಿದ ವಾರ ಮೊದಲು ನಿಲ್ಲುವುದೇ ಕ್ಯಾನ್. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ದೂರ, ಗಂಡಸರು ಕೆಲಸಕ್ಕೆ ಹೋದಮೇಲೆ ಹೊತ್ತು ತರುವವರಿಲ್ಲ. ಮನೆಗೊಂದು ಕ್ಯಾಂಡಲ್ ಫಿಲ್ಟರ್ ಕೊಟ್ಟರೆ 1500–2000 ರೂಪಾಯಿ ಬೀಳುತ್ತೆ. ಗಡಸು ನೀರಿಗೆ ಕ್ಯಾಂಡಲ್ ಮೇಲೆ ಬಿಳಿ ಪದರ ಕಟ್ಟಿ ಒಂದೆರಡು ತಿಂಗಳಲ್ಲಿ ತೊಟ್ಟಿಕ್ಕುವುದೇ ನಿಂತುಹೋಗುತ್ತೆ. ಉಜ್ಜುವಾಗ ಒಡೆಯುತ್ತೆ. ಮನೆಯವರು ಊರಿಗೆ ಹೊರಟರೆ ಫಿಲ್ಟರೂ ಹೊರಡುತ್ತೆ, ಅದು ಅವರ ಸೊತ್ತು, ತಪ್ಪಲ್ಲ.

ಉಳಿದದ್ದು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ಎಲ್ಲರೂ ಮಾಡುವುದು ಇದನ್ನೇ, ಶೆಡ್ಡುಗಳಲ್ಲಿ ಕೆಡುವುದೂ ಇದೇ. ಬೆಳಿಗ್ಗೆ ನಲ್ಲಿಯಲ್ಲಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಕ್ಲೋರಿನ್ ತೋರಿಸುವ ನೀರು ಬಿಸಿಲಲ್ಲಿ ಕಾದ ಕಪ್ಪು ಟ್ಯಾಂಕಿನಲ್ಲಿ ಸಂಜೆಗೆ 0.2ಕ್ಕೆ ಇಳಿಯುತ್ತೆ. ಮೂರನೇ ದಿನ ಸೊನ್ನೆ. ಮೂರನೇ ದಿನಕ್ಕೂ ಉಳಿಯಲಿ ಅಂತ ಹೆಚ್ಚು ಹಾಕಿದರೆ ಮೊದಲ ದಿನ ಯಾರೂ ಬಾಯಿಗೆ ಹಾಕಲ್ಲ. ಅದಕ್ಕಿಂತ ಮುಖ್ಯ, ನೀರು ಕೆಡುವ ಜಾಗ ಟ್ಯಾಂಕಲ್ಲ. ಎಚ್‌2ಎಸ್ ಬಾಟಲಿ (ನೀರಿಗೆ ಮಲದ ಸೋಂಕು ತಾಗಿದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿ) ಇಟ್ಟು ನೋಡಿ: ನಲ್ಲಿಯ ನೀರು ಎರಡು ದಿನವಾದರೂ ಬಣ್ಣ ತಿರುಗದೆ ನಿಂತಾಗಲೂ, ಶೆಡ್ಡೊಳಗೆ ಒಂದು ರಾತ್ರಿ ಕಳೆದ ಕೊಡದ ನೀರಿನಲ್ಲಿ ಹತ್ತಕ್ಕೆ ಏಳೆಂಟು ಬಾಟಲಿ ಮರುದಿನವೇ ಕಪ್ಪು. ಲೋಟ ಅದ್ದುವ ಕೈ, ಮಕ್ಕಳ ಕೈ, ಧೂಳು. ಹಾಗಾಗಿ ಕ್ಲೋರಿನ್ ಕೊಡದೊಳಗೆ 24 ಗಂಟೆ ಬದುಕಿರಬೇಕು.

ಕಟ್ಟೆ, ಟ್ಯಾಂಕ್ ವಿಷಯ ಬೇಗ ಮುಗಿಸುತ್ತೇನೆ. 2000 ಲೀಟರಿನ ಮೂರು ಟ್ಯಾಂಕ್, ಒಟ್ಟು 40 ಸಾವಿರದ ಹತ್ತಿರ. 6000 ಲೀಟರ್ ಟ್ಯಾಂಕರ್ ಒಮ್ಮೆ ಬಂದರೆ ಮೂರೂ ತುಂಬಿ ಮೂರು ದಿನಕ್ಕೆ ಸಾಕು. ಗಾರೆ ಹಾಕಿ ಕಟ್ಟಲು ಮಾಲೀಕರು ಬಿಡಲ್ಲ, ಹಾಗಾಗಿ 6 ಇಂಚಿನ ಸಾಲಿಡ್ ಬ್ಲಾಕುಗಳನ್ನು ಒಣಗಟ್ಟು ಕಟ್ಟಿದ್ದು. 5 ಅಡಿ ಚೌಕ, ಐದು ವರಸೆ, ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ನಡುವೆ ಟೊಳ್ಳು ಬಿಡದೆ. ಒಂದು ಕಟ್ಟೆಗೆ 140 ಬ್ಲಾಕ್ ಹಿಡಿಯುತ್ತೆ, ಮೇಲೆ ಕಡಪ ಕಲ್ಲು. ತುಂಬಿದ ಟ್ಯಾಂಕ್ ಎರಡು ಟನ್. ಅವಶೇಷ ತುಂಬಿದ ನೆಲ ಮೊದಲ ಮಳೆಗೆ ಕುಸಿಯುತ್ತೆ, ಅದಕ್ಕೆ ಕೆಳಗೆ ಅರ್ಧ ಅಡಿ ಅಗೆದು ಜಲ್ಲಿ ಹಾಕಿ ದಿಮ್ಮಸು ಹೊಡೆಯಲೇಬೇಕು. ಟ್ಯಾಂಕ್ ತುಂಬಿದಾಗ ಹೊಟ್ಟೆ ಉಬ್ಬುತ್ತೆ, ಖಾಲಿಯಾದಾಗ ಒಳಗೆ ಹೋಗುತ್ತೆ. ನೀರು ಹೊರಡುವ ಬಾಯಿಗೆ ನೇರ ಗಟ್ಟಿ ಪೈಪ್ ಜೋಡಿಸಿದರೆ ಅಲ್ಲೇ ಬಿರುಕು. ಒಂದೂವರೆ ಅಡಿ ಬ್ರೇಡೆಡ್ ಫ್ಲೆಕ್ಸಿಬಲ್ ಪೈಪ್ ಕೊಟ್ಟರೆ ಆ ತೊಂದರೆ ಇಲ್ಲ. ನೀರು ತೆಗೆಯುವ ತೂತು ತಳದಿಂದ ಎರಡು ಇಂಚು ಮೇಲಿರಲಿ, ಕೆಸರು ಬಿಡಲು ತಳದಲ್ಲೇ ಇನ್ನೊಂದು.

ಟ್ಯಾಂಕಿಗೆ ಎರಡು ನಲ್ಲಿ, ಒಟ್ಟು ಆರು. ನಲ್ಲಿ ನಿಮಿಷಕ್ಕೆ ಏಳೆಂಟು ಲೀಟರ್ ಬಿಟ್ಟರೆ ಕೊಡಕ್ಕೆ ಎರಡು ನಿಮಿಷ, ಬೆಳಗಿನ ಸರದಿ ಮುಕ್ಕಾಲು ಗಂಟೆಯಲ್ಲಿ ಕರಗುತ್ತೆ. ನಲ್ಲಿಯ ಮೂತಿಗೆ ತಿರುಪಿನ ಥ್ರೆಡ್ ಇರಬಾರದು, ಇದ್ದರೆ ಯಾರಾದರೂ ಪೈಪ್ ಸಿಕ್ಕಿಸಿ ನೆಲದಲ್ಲಿ ಬಿಡುತ್ತಾರೆ. ಕೆಳಗೆ 3 ಅಡಿ ಇಂಗುಗುಂಡಿ ತೋಡಿ ದಪ್ಪ ಜಲ್ಲಿ ತುಂಬಿ. ಟ್ಯಾಂಕಿನ ಮೇಲೆ ಹಸಿರು ಶೇಡ್ ನೆಟ್ ಹಾಕಿ. ಏಪ್ರಿಲ್‌ನಲ್ಲಿ ನೆರಳಿಲ್ಲದ ಟ್ಯಾಂಕಿನ ನೀರು ಕಾದಿರುತ್ತೆ, ಕಾದ ನೀರನ್ನು ಯಾರೂ ಕುಡಿಯಲ್ಲ. ಕಟ್ಟೆ, ಪ್ಲಂಬಿಂಗ್, ಗುಂಡಿ, ಬೀಗ ಎಲ್ಲ ಸೇರಿ ಮೊದಲ ಖರ್ಚು 75–80 ಸಾವಿರ.

ಈಗ ಅಳತೆಯ ವಿಷಯ. 15 ಲೀಟರ್ ಕೊಡಕ್ಕೆ 2 ಪಿಪಿಎಂ ಅಂದರೆ 30 ಮಿಲಿಗ್ರಾಂ ಕ್ಲೋರಿನ್. 1 ಶೇಕಡಾ ದ್ರಾವಣವಾದರೆ 3 ಎಂ.ಎಲ್. ಸಾಕು, ಪುಸ್ತಕಗಳಲ್ಲೂ ಇರುವುದು ಅದೇ. ಕೈಯಲ್ಲಿ 3 ಎಂ.ಎಲ್. ನಿಲ್ಲಲ್ಲ. ಸೂಜಿ ತೆಗೆದ ಸಿರಿಂಜ್ ದಾರ ಕಟ್ಟಿ ನೇತುಹಾಕಿದರೆ ಮಕ್ಕಳ ಪಿಚಕಾರಿ ಆಗುತ್ತೆ. ಹ್ಯಾಂಡ್‌ವಾಶ್ ಪಂಪ್ ಒತ್ತಿದರೆ ಹದವಾಗಿ ಬರುತ್ತೆ, ಆದರೆ ಒಳಗಿನ ಸ್ಪ್ರಿಂಗ್ ಉಕ್ಕಿನದು. ಕೆಲವೇ ವಾರದಲ್ಲಿ ತುಕ್ಕು ಹಿಡಿದು ಕಂದು ನೀರು ಬರುತ್ತೆ, ಆಮೇಲೆ ಪಂಪ್ ಮೇಲೇಳಲ್ಲ.

ದ್ರಾವಣವನ್ನೇ ತೆಳುಮಾಡಿದ ಮೇಲೆ ಕೆಲಸ ಸುಲಭವಾಯಿತು. 0.3 ಶೇಕಡಾ ಮಾಡಿದರೆ ಕೊಡಕ್ಕೆ 10 ಎಂ.ಎಲ್., ಒಂದು ಎಂ.ಎಲ್. ಆಚೀಚೆ ಆದರೂ ವ್ಯತ್ಯಾಸ 10 ಶೇಕಡಾ ಮಾತ್ರ. ಮಗುವಿನ ಕೈಗೆ ತಾಗಿದರೂ ಅಪಾಯ ಕಡಿಮೆ. ಬ್ಲೀಚಿಂಗ್ ಪೌಡರ್ ಚೀಲದ ಮೇಲೆ ಕ್ಲೋರಿನ್ 33 ಶೇಕಡಾ ಅಂತ ಅಚ್ಚಾಗಿದ್ದರೂ ಬಾಯಿ ಬಿಚ್ಚಿದ ಪೌಡರ್ ತಿಂಗಳೊಳಗೆ ಇಳಿಯುತ್ತೆ, ನಾವು 25 ಅಂತಲೇ ಲೆಕ್ಕ ಹಿಡಿಯುವುದು. ಲೀಟರಿಗೆ 12 ಗ್ರಾಂ. ದಿನಕ್ಕೆ 1.3 ಲೀಟರ್ ಖರ್ಚು. ವಾರಕ್ಕೆ 10 ಲೀಟರ್ ಮಾಡಲು 120 ಗ್ರಾಂ ಪೌಡರ್. ಕಿಲೋಗೆ 50–60 ರೂಪಾಯಿ ಕೊಟ್ಟರೂ ಒಂದು ಕೊಡಕ್ಕೆ ಒಂದು ಪೈಸೆ ಬೀಳಲ್ಲ.

ದ್ರಾವಣವನ್ನು ಬೋರ್‌ವೆಲ್ ನೀರಲ್ಲಿ ಕಲಸಬೇಡಿ. ಗಡಸಿನ ಸುಣ್ಣವೆಲ್ಲ ಬಿಳಿ ಗಸಿಯಾಗಿ ಇಳಿದು, ಮುಂದೆ ಹೇಳುವ ಅಳತೆಯ ವಾಲ್ವ್ ಕಟ್ಟುತ್ತೆ. ಘಟಕದ ಆರ್‌ಒ ನೀರು ಅರ್ಧ ಕ್ಯಾನ್ ತಂದರೆ ವಾರದ ಕೆಲಸ ಆಯಿತು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪೌಡರ್, ಮೂಗಿಗೆ ಬಟ್ಟೆ, ಗಾಳಿಗೆ ಬೆನ್ನು ಮಾಡಿ ಕಲಸಬೇಕು. ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಗಸಿ ಬಿಡಿ. ದ್ರಾವಣ ತುಂಬಿಡುವ ಕ್ಯಾನಿಗೆ ಕಪ್ಪು ಬಣ್ಣ ಬಳಿದರೆ ಬೆಳಕು ತಾಗಲ್ಲ. ವಾರ ಕಳೆದ ದ್ರಾವಣ ಉಳಿದಿದ್ದರೆ ಇಂಗುಗುಂಡಿಗೆ ಸುರಿಯಿರಿ. ತಂಪು ಪಾನೀಯದ ಬಾಟಲಿಯಲ್ಲಿ ಎಂದೂ ಇಡಬೇಡಿ, ಯಾರಾದರೂ ಎತ್ತಿ ಕುಡಿಯುತ್ತಾರೆ. ಬಾತ್‌ರೂಮ್ ಆಸಿಡ್ ಪಕ್ಕದಲ್ಲಂತೂ ಪೌಡರ್ ಇಡಲೇಬಾರದು, ಎರಡೂ ಸೇರಿದರೆ ವಿಷಗಾಳಿ.

10 ಎಂ.ಎಲ್. ಅಳೆಯಲು ನಾವು ಮಾಡಿದ್ದು ದ್ರಾವಣದ ಕ್ಯಾನಿನ ಕೆಳಗೆ ಅರ್ಧ ಇಂಚಿನ ಎರಡು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಲ್ ವಾಲ್ವ್, ನಡುವೆ ಜೋಡಿಸಲು ಒಂದು ಗಿಡ್ಡ ಪೈಪ್ ತುಂಡು, ಅಂದರೆ ನಿಪ್ಪಲ್. ಮೇಲಿನದು ತೆರೆದರೆ ನಡುವಿನ ಜಾಗ ತುಂಬುತ್ತೆ, ಅದನ್ನು ಮುಚ್ಚಿ ಕೆಳಗಿನದು ತೆರೆದರೆ ಅಷ್ಟೇ ಕೊಡಕ್ಕೆ ಬೀಳುತ್ತೆ. ಹಿತ್ತಾಳೆ ವಾಲ್ವ್ ಹಾಕಿದರೆ ಹಸಿರುಗಟ್ಟಿ ಬಿಗಿದುಕೊಳ್ಳುತ್ತೆ. ನಿಪ್ಪಲ್‌ನಿಂದ ಗಾಳಿಗೆ ದಾರಿ ಇಲ್ಲದಿದ್ದರೆ ಅರ್ಧವೇ ತುಂಬುತ್ತೆ, ತುಂಬಿದ್ದೂ ಪೂರ್ತಿ ಇಳಿಯಲ್ಲ. ಪಕ್ಕಕ್ಕೆ ತೂತು ಕೊರೆದು ಡ್ರಿಪ್‌ನ ಅತಿ ಸಣ್ಣ ಕೊಳವೆಯನ್ನು ಕ್ಯಾನಿನ ಬಾಯಿಗಿಂತ ಮೇಲಕ್ಕೆ ಒಯ್ದು ಬಿಡಬೇಕು. ಕೊಳವೆ ದಪ್ಪವಾದರೆ ಅದರೊಳಗೂ ದ್ರಾವಣ ಏರಿ, ಕ್ಯಾನ್ ತುಂಬಿದಾಗ ಒಂದಳತೆ, ಖಾಲಿಯಾದಾಗ ಇನ್ನೊಂದಳತೆ ಆಗುತ್ತೆ. ಜೋಡಿಸಿದ ಮೇಲೆ ಹತ್ತು ಸಲ ಬಿಟ್ಟು ಅಳೆಯುವ ಸಿಲಿಂಡರಿನಲ್ಲಿ ಹಿಡಿದು ಹತ್ತರಿಂದ ಭಾಗಿಸಿ. 9 ಬಂದರೂ 11 ಬಂದರೂ ಪೈಪ್ ಕೊಯ್ಯಲು ಹೋಗಬೇಡಿ, ಪೌಡರಿನ ಗ್ರಾಂ ಬದಲಿಸಿ. ಎರಡು ವಾಲ್ವೂ ಒಟ್ಟಿಗೆ ತೆರೆದರೆ ಕ್ಯಾನೇ ಕೊಡಕ್ಕೆ ಖಾಲಿಯಾಗುತ್ತೆ. ಹಾಗಾಗದಂತೆ ಎರಡೂ ಹಿಡಿಗಳನ್ನು ಒಂದೇ ಪಟ್ಟಿಗೆ ಜೋಡಿಸಿದ್ದೇವೆ. ಅರ್ಧ ತಿರುಗಿಸಿ ನಿಲ್ಲಿಸಿದರೂ ಸೋರದ ಹಾಗೆ ಆ ಜೋಡಣೆ ಇದೆ, ಅದರ ನಕ್ಷೆ ಸದ್ಯಕ್ಕೆ ನಮ್ಮಲ್ಲೇ ಇರಲಿ. ಒಂದು ಸೆಟ್ಟಿಗೆ 400–450 ರೂಪಾಯಿ, ಟ್ಯಾಂಕಿಗೊಂದು. ಸೆಟ್ ಕೆಟ್ಟ ದಿನಕ್ಕೆ ಮಕ್ಕಳ ಸಿರಪ್ ಬಾಟಲಿಯ ಮುಚ್ಚಳ-ಲೋಟ. 10ರ ಗೆರೆಗೆ ಸರಿಯಾಗಿ ಬ್ಲೇಡಿನಲ್ಲಿ ಕತ್ತರಿಸಿಟ್ಟರೆ ಅಂಚಿನವರೆಗೆ ತುಂಬಿದರಾಯಿತು, ಗೆರೆ ಓದುವ ಕೆಲಸವಿಲ್ಲ.

2 ಪಿಪಿಎಂ ಎಲ್ಲ ನೀರಿಗೂ ಹೊಂದಲ್ಲ. ನಿಮ್ಮ ನೀರನ್ನು ಐದು ಕೊಡದಲ್ಲಿಟ್ಟು 1ರಿಂದ 3ರವರೆಗೆ ಅರ್ಧರ್ಧ ಏರಿಸಿ ಹಾಕಿ. ಅರ್ಧ ಗಂಟೆಗೆ 0.5, ಮರುದಿನ ಅದೇ ಹೊತ್ತಿಗೆ 0.2 ಉಳಿಸುವ ಅತಿ ಕಡಿಮೆ ಪ್ರಮಾಣವೇ ನಿಮ್ಮದು. ಕ್ಲೋರಿನ್ ಪರೀಕ್ಷೆಗೆ ಓಟಿ (ಆರ್ಥೋಟಾಲಿಡಿನ್) ದ್ರಾವಣ ಬಳಸುವವರು ಹತ್ತು ಸೆಕೆಂಡಿನೊಳಗೆ ಬಣ್ಣ ಓದಬೇಕು. ತಡವಾದರೆ ಅಮೋನಿಯಾ ಜತೆ ಕೂಡಿದ ಕ್ಲೋರಿನ್ನೂ ಹಳದಿ ತೋರಿಸಿ ಮೋಸ ಮಾಡುತ್ತೆ. ಓಟಿ ಹಾಕಿದ ನೀರು ವಿಷ, ಕೊಡಕ್ಕೆ ವಾಪಸ್ ಹಾಕಬೇಡಿ. ಇದೇ ಪರೀಕ್ಷೆಗೆ ಬರುವ ಡಿಪಿಡಿ ಮಾತ್ರೆ ದುಬಾರಿಯಾದರೂ ನಂಬಬಹುದು.

ವಾಸನೆಯ ದೂರು ಬಂದೇ ಬರುತ್ತೆ. ‘ಬಾಯಾಗ ಔಷಧ ವಾಸ್ನಿ ಹೊಡಿತೈತ್ರೀ ಅಣ್ಣಾರ’ ಅಂದವರಿಗೆ ವಾದ ಮಾಡಿ ಪ್ರಯೋಜನವಿಲ್ಲ. ಮುಚ್ಚಿಟ್ಟು ಅರ್ಧ ಗಂಟೆ ಕಾಯುವುದು ಹೇಗೂ ಕಡ್ಡಾಯ. ಅದರ ಮೇಲೆ ಕುಡಿಯುವ ಮುಂಚೆ ಚೊಂಬಿನಿಂದ ಚೊಂಬಿಗೆ ಎರಡು ಸಲ ಎತ್ತಿ ಹೊಯ್ದರೆ ವಾಸನೆ ಬಹುಪಾಲು ಹೋಗುತ್ತೆ. ಸಂಜೆ ಹಿಡಿದು ಬೆಳಿಗ್ಗೆ ಕುಡಿಯುವ ಮನೆಗಳಿಂದ ದೂರೇ ಬರಲಿಲ್ಲ. ಈಗ ಕೊಡದ ಎಚ್‌2ಎಸ್ ಬಾಟಲಿ ಹತ್ತಕ್ಕೆ ಒಂದೋ ಎರಡೋ ಕಪ್ಪಾಗುತ್ತೆ. ಹೆಚ್ಚಾಗಿ ಅವು ನೀಲಿ ಡ್ರಮ್ಮಿನಲ್ಲಿ ಸುರಿದಿಟ್ಟ ನೀರು. ಆ ಡ್ರಮ್ಮುಗಳು ರಾಸಾಯನಿಕ ತುಂಬಿ ಬಂದವು, ಕುಡಿಯುವ ನೀರಿಗೆ ಬೇಡವೇ ಬೇಡ. ಕಿರಿಬಾಯಿಯ ಕೊಡವೇ ಒಳ್ಳೆಯದು, ಕೈ ಒಳಗೆ ಹೋಗಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಳೆಗಾಲದಲ್ಲಿ ಟ್ಯಾಂಕರ್ ನೀರು ಕೆಂಪಗೆ ಬಂದಾಗ ನುಗ್ಗೆ ಬೀಜದ ಪುಡಿ ಹಾಕಿದೆವು. ತಿಳಿಯಾಗುವುದು ನಿಜ, ಆದರೆ ಬೀಜದ ಅಂಶ ನೀರಲ್ಲೇ ಉಳಿದು ಕ್ಲೋರಿನ್ ತಿನ್ನುತ್ತೆ, ಮರುದಿನ ನಾತ ಬರುತ್ತೆ. ಪಟಿಕವೇ ವಾಸಿ. ಪಾರದರ್ಶಕ ಬಾಟಲಿಯನ್ನು ತಗಡಿನ ಮೇಲೆ ಆರು ಗಂಟೆ ಬಿಸಿಲಿಗಿಡುವ ವಿಧಾನ ಫೆಬ್ರವರಿ, ಮಾರ್ಚ್‌ನಲ್ಲಿ ಚೆನ್ನ. ಜುಲೈನ ಮೋಡಕ್ಕೆ ಎರಡು ದಿನ ಬೇಕು, ಅಷ್ಟು ಬಾಟಲಿ ಯಾರ ಬಳಿಯೂ ಇಲ್ಲ. ಕೂಸಿರುವ ಮನೆಗಳಿಗೆ ಒಂದೆರಡು ಬಾಟಲಿ ಮಾಡಿಕೊಳ್ಳಲು ಹೇಳಬಹುದು.

ಕ್ಲೋರಿನ್ ರೋಗಾಣು ಕೊಲ್ಲುತ್ತೆ ಅಷ್ಟೆ. ನೈಟ್ರೇಟ್, ಫ್ಲೋರೈಡ್ ಮುಟ್ಟಲ್ಲ, ಕುದಿಸಿದರೂ ಹೋಗಲ್ಲ. ಅದಕ್ಕೆ ಟ್ಯಾಂಕರ್ ತುಂಬಿಸುವ ಬೋರ್‌ವೆಲ್ ಆರಿಸುವಾಗಲೇ ಒಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಒಳಗಿದ್ದರೆ ಮಾತ್ರ ಒಪ್ಪಿ. ಆಮೇಲೆ ಚಾಲಕರು ಅದೇ ಬೋರ್‌ನಿಂದ ತುಂಬಿಸಿದರೋ ಇಲ್ಲವೋ ಅಂತ ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಲವಣ ಎಷ್ಟು ಪಿಪಿಎಂ ಅಂತ ತೋರಿಸುವ ಪುಟ್ಟ ಮೀಟರ್) ಹೇಳುತ್ತೆ. ನಮ್ಮ ಬೋರ್ 650ರ ಆಸುಪಾಸು. ಟ್ಯಾಂಕರ್ ಬಾಯಲ್ಲಿ 1100 ತೋರಿಸಿದರೆ ಆ ಲೋಡ್ ಬೇರೆ ಕಡೆಯದು, ಇಳಿಸಿಕೊಳ್ಳುವುದಿಲ್ಲ. ನೂರಿನ್ನೂರು ರೂಪಾಯಿಯ ಪೆನ್ ಇಷ್ಟು ಕೆಲಸ ಮಾಡುತ್ತೆ.

ಹಣ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 6000 ಲೀಟರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ನಿಗದಿ ಮಾಡಿತ್ತು. ನಾವು ಕೊಡುತ್ತಿರುವುದು ಸುಮಾರು 800. ಬೇಸಿಗೆಯಲ್ಲೂ ಅದೇ ದರ ಉಳಿಸಿಕೊಂಡಿದ್ದೇವೆ, ಹೇಗೆ ಅಂತ ಬರೆದರೆ ಉಳಿಯಲ್ಲ. ತಿಂಗಳಿಗೆ ಹತ್ತು ಲೋಡ್, 8000. ಬೀಗದ ಕೈ ಇಟ್ಟುಕೊಂಡು ಕ್ಯಾನ್ ತುಂಬಿಸುವ, ಟ್ಯಾಂಕ್ ಪಕ್ಕದ ಶೆಡ್ಡಿನ ಅಕ್ಕನಿಗೆ 1500. ಪೌಡರ್, ವಾಷರ್, ಪರೀಕ್ಷೆಗೆ ಐನೂರು. ಮನೆಗೆ ವಾರಕ್ಕೆ 40 ರೂಪಾಯಿ, ಬಟವಾಡೆಯ ದಿನ ಸಂಜೆಯೇ. ತಿಂಗಳ ಲೆಕ್ಕದಲ್ಲಿ ಕೇಳಿದಾಗ ಅರ್ಧವೂ ಬರುತ್ತಿರಲಿಲ್ಲ, ಕೂಲಿ ವಾರಕ್ಕೆ ಬರುವ ಕಡೆ ವಸೂಲಿಯೂ ವಾರಕ್ಕೇ ಇರಬೇಕು. ಕೊಡುವ ಶಕ್ತಿ ಇಲ್ಲದ ಒಂದೆರಡು ಮನೆ ಬಿಟ್ಟರೂ ಖರ್ಚಿಗೆ ಸರಿಹೋಗುತ್ತೆ.

ಯುಗಾದಿಗೆ, ಬಿತ್ತನೆಗೆ ಅರ್ಧ ಶೆಡ್ ಖಾಲಿಯಾದಾಗ ಒಂದೇ ಟ್ಯಾಂಕ್ ಇಟ್ಟುಕೊಂಡು ಎರಡನ್ನು ಬರಿದುಮಾಡಿ ಮುಚ್ಚಳ ತೆರೆದು ಒಣಗಿಸಿ. ಮತ್ತೆ ತುಂಬುವ ಮುಂಚೆ 50 ಪಿಪಿಎಂ ನೀರಲ್ಲಿ ಒಂದು ರಾತ್ರಿ ಬಿಟ್ಟು ನಲ್ಲಿಗಳಿಂದಲೇ ಹರಿಸಿ ಚೆಲ್ಲಿ. 2000 ಲೀಟರಿಗೆ 400 ಗ್ರಾಂ ಪೌಡರ್ ಬೇಕಾಗುತ್ತೆ. ಅಳತೆಯ ವಾಲ್ವ್ ಸೆಟ್ ಅಷ್ಟು ದಿನ ಒಣಗಿದರೆ ಸುಣ್ಣ ಹಿಡಿಯುತ್ತೆ, ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ನೆನೆಸುವ ಮುಂಚೆ ದ್ರಾವಣದ ಹನಿಯೂ ಉಳಿಯದಂತೆ ನೀರಲ್ಲಿ ಚೆನ್ನಾಗಿ ತೊಳೆದಿರಬೇಕು.