ಬಾಣಂತನ ಮುಗಿಸಿ ಬಂದ ಮೇಡಂ, ತೆರೆಯದ ಚಾಟ್ ಖಾತೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಐಟಿ ನೋಡಿಕೊಳ್ಳುತ್ತೇನೆ. ಊರು ಮಂಡ್ಯ, ದಿನಾ ರೈಲಿನಲ್ಲಿ ಓಡಾಟ. ಆಫೀಸಿನ ಮಾತುಕತೆಯೆಲ್ಲ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನಡೆಯುತ್ತದೆ. ಬಿಲ್ ಪಾಸ್ ಆಯಿತಾ, ಲಾರಿ ಬಂತಾ, ಎಲ್ಲವೂ ಅಲ್ಲೇ.

ಅಕೌಂಟ್ಸ್‌ನ ಒಬ್ಬ ಮೇಡಂ 26 ವಾರಗಳ ಹೆರಿಗೆ ರಜೆ ಮುಗಿಸಿ ಒಂದು ಸೋಮವಾರ ಕೆಲಸಕ್ಕೆ ಬಂದರು. ದೀರ್ಘ ರಜೆಗೆ ಹೋದವರ ಖಾತೆಯನ್ನು ನಿಷ್ಕ್ರಿಯ ಮಾಡಿ, ಲೈಸೆನ್ಸ್ (ಟೀಮ್ಸ್, ಮೇಲ್ ಬಳಸುವ ಪರವಾನಗಿ) ತೆಗೆದು ಬೇರೆಯವರಿಗೆ ಕೊಡುವುದು ನಮ್ಮಲ್ಲಿನ ಪದ್ಧತಿ. ಅವರು ಬರುವ ಮುಂಚೆಯೇ ಮೈಕ್ರೋಸಾಫ್ಟ್‌ನ ಕ್ಲೌಡ್ ಅಡ್ಮಿನ್ ಪುಟದಲ್ಲಿ (ಇಂಟರ್ನೆಟ್ ಮೂಲಕ ಖಾತೆ ನಿಭಾಯಿಸುವ ಪುಟ) ಖಾತೆ ತೆರೆದು, ಲೈಸೆನ್ಸ್ ಹಾಕಿ, "ಎಲ್ಲಾ ರೆಡಿ ಮೇಡಂ" ಅಂದೆ. ಲಾಗಿನ್ ಆಯಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಸಾರ್, ನನ್ನ ಖಾತೆ ಬ್ಲಾಕ್ ಆಗಿದೆ ಅಂತ ತೋರಿಸ್ತಿದೆ. ನನ್ನನ್ನ ಕೆಲಸದಿಂದ ತೆಗೆದಿಲ್ಲ ಅಲ್ವಾ?"

ಆ ಕೊನೆಯ ಮಾತು ನನಗೆ ಚುರುಕ್ ಅಂತು. ನಮಗೆ ಅದು ಒಂದು ಸೆಟ್ಟಿಂಗ್. ಆರು ತಿಂಗಳು ಮನೆಯಲ್ಲಿದ್ದು ಬಂದವರಿಗೆ ಹಾಗಲ್ಲ. ಅವತ್ತು ಬೇರೆ ಕೆಲಸ ಬಿಟ್ಟು ಅವರ ಟೇಬಲ್ ಪಕ್ಕದಲ್ಲೇ ಕೂತೆ.

ಖಾತೆ ಮತ್ತೆ ಯಾಕೆ ಮುಚ್ಚಿತು? ನಮ್ಮ ಖಾತೆಗಳ ಮೂಲ ಇರುವುದು ಆಫೀಸಿನ ಸರ್ವರ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಎಲ್ಲರ ಖಾತೆಗಳ ಪಟ್ಟಿಯಲ್ಲಿ. ಅಲ್ಲಿಂದ ಎಂಟ್ರಾ ಐಡಿಗೆ, ಅಂದರೆ ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿರುವ ಖಾತೆಗಳ ಪಟ್ಟಿಗೆ, ಮಾಹಿತಿ ಹೋಗುತ್ತದೆ. ಎರಡನ್ನೂ ಒಂದೇ ಮಾಡುವ ಈ ಸಿಂಕ್, ನಾವು ಅವಧಿ ಬದಲಾಯಿಸದಿದ್ದರೆ, 30 ನಿಮಿಷಕ್ಕೊಮ್ಮೆ ಓಡುತ್ತದೆ. ನಾನು ತೆರೆದದ್ದು ಕ್ಲೌಡ್‌ನಲ್ಲಿ ಮಾತ್ರ. ಸರ್ವರ್‌ನಲ್ಲಿ ಖಾತೆ ಇನ್ನೂ ನಿಷ್ಕ್ರಿಯವಾಗೇ ಇತ್ತು. ಮುಂದಿನ ಸಿಂಕ್ ಬಂದಾಗ ಮೂಲದಲ್ಲಿದ್ದದ್ದೇ ಗೆದ್ದಿತು. ನಾಲೆಯ ತೂಬು ಮುಚ್ಚಿದ್ದಾಗ ಗದ್ದೆಯಲ್ಲಿ ಬದು ಕಡಿದರೆ ನೀರು ಬರುತ್ತದಾ? ಹೋಗಿ ತೂಬು ಎತ್ತಬೇಕು. ಸರ್ವರ್‌ನಲ್ಲಿ ಖಾತೆ ಸಕ್ರಿಯ ಮಾಡಿ, ಸಿಂಕ್ ಓಡಿಸಿದೆ. ಈ ಸಲ ಲಾಗಿನ್ ಮತ್ತೆ ಮುಚ್ಚಲಿಲ್ಲ.

ಆದರೂ ಟೀಮ್ಸ್ ತೆರೆಯಲಿಲ್ಲ. ಇಂಥ ಹೊತ್ತಿನಲ್ಲಿ ನಾನು ಮೊದಲು ಬ್ರೌಸರ್‌ನ ಇನ್‌ಕಾಗ್ನಿಟೊದಲ್ಲಿ (ಹಳೇ ಲಾಗಿನ್ ನೆನಪಿಲ್ಲದ ಖಾಸಗಿ ಕಿಟಕಿ) ಟೀಮ್ಸ್ ವೆಬ್ ತೆರೆದು ನೋಡುತ್ತೇನೆ. ಅಲ್ಲಿ ಚೆನ್ನಾಗಿ ನಡೆದರೆ ತೊಂದರೆ ಕಂಪ್ಯೂಟರಿನದು. ಆ್ಯಪ್‌ನಿಂದ ಸೈನ್ ಔಟ್ ಮಾಡಿ ಹಳೇ ಕ್ಯಾಶ್ (ಆ್ಯಪ್ ಕೂಡಿಟ್ಟ ತಾತ್ಕಾಲಿಕ ಮಾಹಿತಿ) ಅಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲೂ ಇಲ್ಲ ಅಂದರೆ ತೊಂದರೆ ಖಾತೆಯದು, ಸುಮ್ನೆ ಆ್ಯಪ್ ಅಳಿಸಿ ಮತ್ತೆ ಹಾಕಿ ಪ್ರಯೋಜನವಿಲ್ಲ. ಮೇಡಂಗೆ ವೆಬ್‌ನಲ್ಲೂ ಬರಲಿಲ್ಲ. ಲೈಸೆನ್ಸ್ ಒಳಗಿನ ಪಟ್ಟಿ ಬಿಡಿಸಿ ನೋಡಿದರೆ, ಲೈಸೆನ್ಸ್ ಇದೆ, ಅದರಲ್ಲಿ ಟೀಮ್ಸ್ ಎದುರಿನ ಟಿಕ್ ಇಲ್ಲ. ಟಿಕ್ ಹಾಕಿ ಕಾದೆವು. ಇಂಥ ಬದಲಾವಣೆ ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ. ಈಗ ಇದನ್ನು ಹಿಂದಿನ ದಿನವೇ ಮಾಡಿಡುತ್ತೇನೆ.

ಕಾಯುವ ಹೊತ್ತಿನಲ್ಲಿ ಇನ್ನೊಂದು ಕೆಲಸ ಮುಗಿಯಿತು. ಅವರು ರಜೆಯಲ್ಲಿ ಫೋನ್ ಬದಲಾಯಿಸಿದ್ದರು. ಸಿಮ್ ಅದೇ, ಆದರೆ ಲಾಗಿನ್ ಖಚಿತಪಡಿಸುವ ಆಥೆಂಟಿಕೇಟರ್ ಆ್ಯಪ್‌ನ ಒಪ್ಪಿಗೆ ಹಳೇ ಫೋನಿಗೇ ಹೋಗುತ್ತಿತ್ತು. ಹೊಸದಾಗಿ ನೋಂದಣಿ ಮಾಡಿಸಿದೆ.

ಮಧ್ಯಾಹ್ನ ಊಟದ ಮೇಲೆ ಟೀಮ್ಸ್ ತೆರೆಯಿತು. ಹಳೇ ಚಾಟ್‌ಗಳೂ ಇದ್ದವು. ಆಗ ಪರ್ಚೇಸ್‌ನವರು ಬಂದು, "ಮೇಡಂ ಹೆಸರು ಹುಡುಕಿದ್ರೆ ಬರ್ತಾನೇ ಇಲ್ಲ" ಅಂದರು. ಅವರ ಪರದೆಯಲ್ಲಿ ನಾನೇ ಹೆಸರು ಬರೆದು ನೋಡಿದೆ. ನಿಜ, ಇಲ್ಲ. ಇದಕ್ಕೆ ಕಾರಣ ಹುಡುಕಲು ನನಗೆ ಜಾಸ್ತಿ ಹೊತ್ತು ಹಿಡಿಯಿತು. ರಜೆಗೆ ಹೋಗುವಾಗ ನಾವೇ ಅವರ ಹೆಸರನ್ನು ವಿಳಾಸ ಪಟ್ಟಿಯಿಂದ ಮರೆಮಾಡಿದ್ದೆವು, ಯಾರೂ ತಪ್ಪಿ ಮೇಲ್ ಕಳಿಸದಿರಲಿ ಅಂತ. ಖಾತೆ ತೆರೆದರೆ ಆ ಟಿಕ್ ತಾನಾಗಿ ಹೋಗುವುದಿಲ್ಲ. ಅದನ್ನೂ ಸರ್ವರ್‌ನಲ್ಲೇ ತೆಗೆಯಬೇಕಾಯಿತು. ಎಲ್ಲರ ಹುಡುಕಾಟದಲ್ಲಿ ಹೆಸರು ಬರುವಷ್ಟರಲ್ಲಿ ಮಾರನೇ ದಿನ ಆಗಿತ್ತು.

ಟೀಮ್ಸ್‌ನ ಗುಂಪುಗಳಿಗೆ ಅವರನ್ನು ಮತ್ತೆ ಒಂದೊಂದಾಗಿ ಸೇರಿಸಬೇಕಾಯಿತು. ಖಾಸಗಿ ಚಾನೆಲ್‌ಗೆ ಬೇರೆಯಾಗಿ ಸೇರಿಸಬೇಕು, ಟೀಮ್‌ಗೆ ಸೇರಿಸಿದರೆ ಸಾಲದು. ಗ್ರೂಪ್ ಚಾಟ್‌ಗೆ ಸೇರಿಸುವಾಗ ಹಳೇ ಮಾತುಕತೆಯನ್ನೂ ತೋರಿಸಬೇಕಾ ಅಂತ ಕೇಳುತ್ತದೆ. ಅದನ್ನು ಐಟಿಯವರು ತೀರ್ಮಾನಿಸಬಾರದು, ಆ ಗುಂಪಿನವರನ್ನೇ ಕೇಳಬೇಕು.

ನಮ್ಮ ಹುಡುಗನೊಬ್ಬ ಬೆಳಗ್ಗೆಯೇ, "ಸಾರ್, ಇದನ್ನ ತೆಗೆದು ಹೊಸ ಖಾತೆ ಮಾಡಿಬಿಡೋಣ" ಅಂದಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ವ್ಯವಸ್ಥೆ ಗುರುತಿಸುವುದು ಹೆಸರನ್ನಲ್ಲ, ಖಾತೆಯ ಐಡಿಯನ್ನು. ಪಹಣಿಯಲ್ಲಿ ಮಾಲೀಕರ ಹೆಸರು ಒಂದೇ ಇದ್ದರೂ ಸರ್ವೆ ನಂಬರ್ ಬೇರೆಯಾದರೆ ಜಮೀನು ಬೇರೆ ತಾನೆ? ಹೊಸ ಖಾತೆಗೆ ಅದೇ ಇಮೇಲ್ ಕೊಟ್ಟರೂ ಹಳೇ ಚಾಟ್‌ಗಳು ಅದಕ್ಕೆ ಬರುವುದಿಲ್ಲ. ಅಪ್ಪಿತಪ್ಪಿ ಖಾತೆ ಅಳಿಸಿದ್ದರೆ 30 ದಿನದೊಳಗೆ ಅದೇ ಐಡಿಯೊಂದಿಗೆ ಮರಳಿ ತರಬಹುದು. ಆಮೇಲೆ ಆಗದು. ಮೇಲ್ ಕೂಡ ಹಾಗೇ, ಲೈಸೆನ್ಸ್ ತೆಗೆದರೆ ಸುಮಾರು 30 ದಿನ ಮಾತ್ರ ಉಳಿಯುತ್ತದೆ. ಮೇಡಂ ಮೇಲ್ ಉಳಿದದ್ದು, ಅವರು ರಜೆ ಹೋಗುವಾಗಲೇ ಅದನ್ನು, ಹಲವರು ಹಂಚಿಕೊಂಡು ನೋಡುವ, ಸಾಮಾನ್ಯವಾಗಿ ಲೈಸೆನ್ಸ್ ಬೇಡದ ಶೇರ್ಡ್ ಮೇಲ್‌ಬಾಕ್ಸ್ ಮಾಡಿದ್ದರಿಂದ.

ಈಗ ಯಾರಾದರೂ ರಜೆ ಹೋದರೆ ಅವರು ಇರುವ ಗುಂಪುಗಳ ಪಟ್ಟಿಯನ್ನು ಅದೇ ದಿನ ಇಳಿಸಿಡುತ್ತೇನೆ. ಏನೇನು ಮುಚ್ಚಿದೆವು ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ, ತೆರೆಯುವಾಗ ಅದನ್ನೇ ಕೆಳಗಿನಿಂದ ಮೇಲೆ ಓದಲು. ಖಾತೆ ತೆರೆದ ಮೇಲೆ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಲಾಗಿನ್ ನೋಡುತ್ತೇನೆ. ಬೇರೆ ವಿಭಾಗದವರ ಕಂಪ್ಯೂಟರಿನಲ್ಲಿ ಹೆಸರು ಹುಡುಕಿ ಸಿಕ್ಕ ಮೇಲಷ್ಟೇ "ರೆಡಿ" ಅನ್ನುತ್ತೇನೆ. ಹೋದ ತಿಂಗಳು ಸ್ಟೋರ್ಸ್‌ನವರೊಬ್ಬರು ಕಾಲಿನ ಆಪರೇಷನ್ ಮುಗಿಸಿ ಬಂದಾಗ, ಅವರು ಗೇಟು ದಾಟುವಷ್ಟರಲ್ಲಿ ಅವರ ಗುಂಪಿನವರ ಮೆಸೇಜು ಬಂದು ಕಾಯುತ್ತಿತ್ತು.