ಪರಾಮರ್ಶನ ವಿಭಾಗಕ್ಕೆ ಒಂದು ಪ್ರಶ್ನೆ ರಿಜಿಸ್ಟರ್ ಇಡಿ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಲೈಬ್ರರಿ ಗೆಳೆಯರಿಗೆ ಒಂದು ಸಲಹೆ. ಪರಾಮರ್ಶನ ವಿಭಾಗ, ಅಂದರೆ ಓದುಗರ ಪ್ರಶ್ನೆಗೆ ಪುಸ್ತಕ ಹುಡುಕಿ ಉತ್ತರ ಕೊಡುವ ವಿಭಾಗ, ಹೇಗೆ ನಡೆಯುತ್ತಿದೆ ಅಂತ ತಿಳಿಯಲು ಬಂದವರ ಸಹಿ ಎಣಿಸಿದರೆ ಸಾಲದು. ಅದರಲ್ಲಿ ಫ್ಯಾನ್ ಕೆಳಗೆ ಕೂತು ತಮ್ಮದೇ ಗೈಡ್ ಓದುವವರೂ ಇರುತ್ತಾರೆ. (ಓದಲಿ ಬಿಡಿ, ನಮ್ಮ ಬಿಸಿಲಲ್ಲಿ ಇನ್ನೆಲ್ಲಿಗೆ ಹೋಗುತ್ತಾರೆ!)

ಕೌಂಟರ್ ಮೇಲೆ ಒಂದು ರಿಜಿಸ್ಟರ್ ಇಡಿ. ಕೇಳಿದ ಪ್ರಶ್ನೆ, ಉತ್ತರ ಯಾವ ಪುಸ್ತಕದಲ್ಲಿ ಸಿಕ್ಕಿತು, ಸಿಗದಿದ್ದರೆ ಯಾಕೆ, ಇಷ್ಟೇ ಬರೆಯಿರಿ. ಕೇಳಿದವರ ಹೆಸರು ಬೇಡ. 'ಪೇಪರ್ ಬಂತಾ', 'ಶೌಚಾಲಯ ಎಲ್ಲಿ' ಅನ್ನುವುದಕ್ಕೆಲ್ಲ ಬೇರೆ ಕಾಲಂನಲ್ಲಿ ಗೀಟು ಹಾಕಿ. ಅದನ್ನೂ ಸೇರಿಸಿದರೆ ಲೆಕ್ಕ ಸುಮ್ನೆ ಉಬ್ಬುತ್ತದೆ.

ಉತ್ತರ ಸಿಗದ ಪ್ರಶ್ನೆಗಳಿಗೇ ಜಾಸ್ತಿ ಗಮನ ಕೊಡಿ. ಕೊಪ್ಪಳ ಜಿಲ್ಲೆಯ ಹಳೆ ಮಾಹಿತಿ ಕೇಳಿದರೆ 'ಇಲ್ಲ' ಅಂತ ಕಳಿಸುವುದುಂಟು. ಆದರೆ ಜಿಲ್ಲೆ ಆಗಿದ್ದೇ 1997ರಲ್ಲಿ, ಅಲ್ವಾ? ಅದಕ್ಕೂ ಮುಂಚೆ ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು, ಆಗಿನದಕ್ಕೆ ರಾಯಚೂರು ಗೆಜೆಟಿಯರ್ (ಜಿಲ್ಲೆಯ ಮಾಹಿತಿ ಕೊಡುವ ಸರ್ಕಾರಿ ಗ್ರಂಥ) ತೆಗೆಯಬೇಕು. ಹಾಗೇ ಹೊಸಪೇಟೆ, ಹಂಪಿ ವಿಷಯಕ್ಕೆ ಬಳ್ಳಾರಿಯದು. ಅವು ಈಗಿರುವ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ. ಇಂಥದ್ದನ್ನು ಚೀಟಿಯಲ್ಲಿ ಬರೆದು ಕಪಾಟಿಗೆ ಅಂಟಿಸಿ. ಹೊಸ ಸಿಬ್ಬಂದಿಗೆ ಒಂದು ದಿನದ ತರಬೇತಿಗಿಂತ ಇದೇ ಉಪಯೋಗ.

ಆಗಾಗ ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಪರಿಚಯದವರಿಂದ ಕೇಳಿಸಿ ನೋಡಿ. ಅಮೆರಿಕದಲ್ಲಿ 1980ರ ದಶಕದಲ್ಲಿ ಲೈಬ್ರರಿಗಳನ್ನು ಹೀಗೆ ಗುಟ್ಟಾಗಿ ಪರೀಕ್ಷಿಸಿದಾಗ ಸರಿ ಉತ್ತರ ಬಂದಿದ್ದು ಸುಮಾರು ಶೇ. 55 ಮಾತ್ರ. ಫಲಿತಾಂಶ ಕಮ್ಮಿ ಬಂತೆಂದು ಸಿಬ್ಬಂದಿಗೆ ಬೈಯಬೇಡಿ. ಬೈದರೆ ಮುಂದಿನ ತಿಂಗಳು ರಿಜಿಸ್ಟರ್ ತುಂಬಾ 'ಸಿಕ್ಕಿತು' ಅಂತಲೇ ಇರುತ್ತದೆ.